18 ಸರಿಯೋ, 13 ಸರಿಯೋ? ಐಎಫ್‌ಕೆ ಗೋಟೆಬೊರ್ಗ್ ಕ್ಲಬ್ಬಿನ ದಾಖಲೆಗಳನ್ನು ಓದುವುದು ಹೇಗೆ

ಸ್ವೀಡನ್ನಿನ ಫುಟ್ಬಾಲ್ ಕ್ಲಬ್ ಐಎಫ್‌ಕೆ ಗೋಟೆಬೊರ್ಗ್ ಎಷ್ಟು ಸಲ ಪಟ್ಟ ಗೆದ್ದಿದೆ ಅಂತ ಹುಡುಕಿ ನೋಡಿ. ಒಂದು ಕಡೆ 18 ಸಿಗುತ್ತದೆ, ಇನ್ನೊಂದು ಕಡೆ 13. ಯಾರೋ ತಪ್ಪು ಬರೆದಿದ್ದಾರೆ ಅನ್ನಿಸುತ್ತದೆ, ಅಲ್ವಾ? ಎರಡೂ ಸರಿಯಾದ ಅಂಕಿಗಳೇ. 18 ಅನ್ನುವುದು ದೇಶದ ಚಾಂಪಿಯನ್ ಪಟ್ಟದ ಲೆಕ್ಕ, 13 ಅನ್ನುವುದು ಆಲ್‌ಸ್ವೆನ್ಸ್ಕನ್, ಅಂದರೆ ದೇಶದ ಅತಿ ಮೇಲಿನ ದರ್ಜೆಯ ಲೀಗ್, ಗೆದ್ದ ಲೆಕ್ಕ. ಬೇರೆ ಬಹಳಷ್ಟು ದೇಶಗಳಲ್ಲಿ ಇವೆರಡೂ ಒಂದೇ ಆಗಿರುತ್ತವೆ. ಸ್ವೀಡನ್ನಿನಲ್ಲಿ ಹಾಗಿಲ್ಲ. ಇದೊಂದು ಗೊತ್ತಾದರೆ ಸ್ವೀಡಿಷ್ ಫುಟ್ಬಾಲಿನ ಅರ್ಧ ಗೊಂದಲ ಬಗೆಹರಿಯುತ್ತದೆ. ಅದಕ್ಕೇ ಈ ಕ್ಲಬ್ಬನ್ನೇ ಇಟ್ಟುಕೊಂಡು, ಅಂಕಿಅಂಶ ಓದುವ ಮತ್ತು ನಿಮ್ಮದೇ ಪಟ್ಟಿ ಮಾಡಿಕೊಳ್ಳುವ ರೀತಿ ಹೇಳುತ್ತೇನೆ.

ಮೊದಲು ಹೆಸರು ಪೂರ್ತಿ ಓದಿ. ಸ್ವೀಡನ್ನಿನಲ್ಲಿ ಐಎಫ್‌ಕೆ ಅಂತ ಶುರುವಾಗುವ ಕ್ಲಬ್ಬುಗಳು ತುಂಬಾ ಇವೆ. ನಾರ್ಶೋಪಿಂಗ್, ಉಪ್ಸಾಲಾ, ಮಾಲ್ಮೋ ಊರುಗಳಲ್ಲೂ ಒಂದೊಂದು ಐಎಫ್‌ಕೆ ಇದೆ. ಐಎಫ್‌ಕೆ ಮಾಲ್ಮೋ ಬೇರೆ, ದೇಶದ ಅತಿ ಹೆಚ್ಚು ಪಟ್ಟ ಗೆದ್ದಿರುವ ಮಾಲ್ಮೋ ಎಫ್‌ಎಫ್ ಬೇರೆ. ನಾವು ಮಾತಾಡುತ್ತಿರುವುದು 1904ರ ಅಕ್ಟೋಬರ್ 4ರಂದು ಗೋಟೆಬೊರ್ಗ್ ನಗರದ ಒಂದು ಕೆಫೆಯಲ್ಲಿ ಹುಟ್ಟಿದ, ನೀಲಿ ಬಿಳಿ ಪಟ್ಟೆಯ ಅಂಗಿ ತೊಡುವ ಕ್ಲಬ್ಬಿನ ಬಗ್ಗೆ.

ಈಗ ಒಂದು ಹಾಳೆಯಲ್ಲೋ ಎಕ್ಸೆಲ್‌ನಲ್ಲೋ ಎರಡು ಕಾಲಂ ಮಾಡಿಕೊಳ್ಳಿ. ಒಂದರಲ್ಲಿ ಚಾಂಪಿಯನ್ ಆದ ವರ್ಷಗಳು, ಇನ್ನೊಂದರಲ್ಲಿ ಆಲ್‌ಸ್ವೆನ್ಸ್ಕನ್ ಗೆದ್ದ ವರ್ಷಗಳು. ಎರಡನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಕಣ್ಣಿಗೆ ಕಾಣುತ್ತದೆ. 1896ರಿಂದ 1925ರವರೆಗೆ ಸ್ವೀಡನ್ನಿನ ಚಾಂಪಿಯನ್ ಯಾರು ಅನ್ನುವುದು ನಾಕೌಟ್ ಕಪ್ಪಿನಲ್ಲಿ ತೀರ್ಮಾನ ಆಗುತ್ತಿತ್ತು. ನಮ್ಮ ಕ್ಲಬ್ 1908, 1910, 1918ರಲ್ಲಿ ಆ ಕಪ್ ಗೆದ್ದಿತು. ಆಗ ಆಲ್‌ಸ್ವೆನ್ಸ್ಕನ್ ಇರಲೇ ಇಲ್ಲ. ಅದು ಶುರುವಾಗಿದ್ದು 1924ರಲ್ಲಿ. ಶುರುವಾದ ಮೇಲೂ 1930ರವರೆಗೆ ಲೀಗ್ ಗೆದ್ದವರಿಗೆ ಚಾಂಪಿಯನ್ ಪಟ್ಟ ಕೊಡುತ್ತಿರಲಿಲ್ಲ, 1931ರಿಂದ ಕೊಡತೊಡಗಿದರು.

ಇಷ್ಟಕ್ಕೇ ಮುಗಿಯಲಿಲ್ಲ. 1982ರಿಂದ 1990ರವರೆಗೆ ಲೀಗ್ ಮುಗಿದ ಮೇಲೆ ಮೇಲಿನ ತಂಡಗಳ ನಡುವೆ ಪ್ಲೇಆಫ್ ನಡೆಸಿ, ಅದರಲ್ಲಿ ಗೆದ್ದವರನ್ನು ಚಾಂಪಿಯನ್ ಅಂದರು. 1991 ಮತ್ತು 1992ರಲ್ಲಿ ಪ್ಲೇಆಫ್ ತೆಗೆದು, ಮೇಲಿನ ತಂಡಗಳಿಗೆ ಇನ್ನೊಂದು ಪುಟ್ಟ ಲೀಗ್ ಇಟ್ಟರು. 1993ರಿಂದ ಮತ್ತೆ ಲೀಗ್ ಗೆದ್ದವರೇ ಚಾಂಪಿಯನ್. 1983ರಲ್ಲಿ ಲೀಗಿನಲ್ಲಿ ಮೊದಲು ಬಂದಿದ್ದು ಸ್ಟಾಕ್‌ಹೋಮಿನ ಎಐಕೆ, ಚಾಂಪಿಯನ್ ಆಗಿದ್ದು ಗೋಟೆಬೊರ್ಗ್. 1987ರಲ್ಲಿ ಲೀಗ್ ಗೆದ್ದಿದ್ದು ಮಾಲ್ಮೋ ಎಫ್‌ಎಫ್, ಫೈನಲ್ಲಿನಲ್ಲಿ ಅದೇ ಮಾಲ್ಮೋವನ್ನು ಹಿಂದೆ ಹಾಕಿ ಪಟ್ಟ ತೆಗೆದುಕೊಂಡಿದ್ದು ಗೋಟೆಬೊರ್ಗ್. ಈಗ ಲೆಕ್ಕ ಮಾಡಿ: 13 ಲೀಗ್ ಗೆಲುವು, ಹಳೇ ಕಪ್ಪಿನ 3, ಪ್ಲೇಆಫಿನಿಂದ ಬಂದ 2. ಒಟ್ಟು 18. ಕೊನೆಯ ಪಟ್ಟ 2007ರದ್ದು.

ಮಾಲ್ಮೋ ಎಫ್‌ಎಫ್ ಪಟ್ಟಿಗೂ ಇದೇ ರೀತಿ ಎರಡು ಕಾಲಂ ಹಾಕಿ. ಅಲ್ಲಿ ಲೆಕ್ಕ ಉಲ್ಟಾ. 2024ರ ಹೊತ್ತಿಗೆ ಅವರ ಲೀಗ್ ಗೆಲುವು 27, ಚಾಂಪಿಯನ್ ಪಟ್ಟ 24. ಯಾಕೆ? 1985, 1987, 1989ರಲ್ಲಿ ಅವರು ಲೀಗಿನಲ್ಲಿ ಮೊದಲ ಸ್ಥಾನ ಪಡೆದರೂ ಪ್ಲೇಆಫಿನಲ್ಲಿ ಪಟ್ಟ ಕೈತಪ್ಪಿತು. ಹಾಗಾಗಿ ಎರಡು ಕ್ಲಬ್ಬುಗಳನ್ನು ಹೋಲಿಸುವಾಗ ಒಂದರ ಚಾಂಪಿಯನ್ ಕಾಲಂ ಮತ್ತು ಇನ್ನೊಂದರ ಲೀಗ್ ಕಾಲಂ ಹಿಡಿಯಬೇಡಿ. ವಾದ ಮಾಡುವವರು ಹೆಚ್ಚಾಗಿ ಮಾಡುವುದೇ ಇದನ್ನು. ಅಂಗಿಯ ಮೇಲಿನ ನಕ್ಷತ್ರ ಚಾಂಪಿಯನ್ ಪಟ್ಟದ ಲೆಕ್ಕದ ಮೇಲೆ ಬರುತ್ತದೆ, ಪ್ರತಿ 10 ಪಟ್ಟಕ್ಕೆ ಒಂದು. ಗೋಟೆಬೊರ್ಗ್‌ಗೆ ಒಂದು, ಮಾಲ್ಮೋಗೆ ಎರಡು. ದೇಶದ ಈಗಿನ ಕಪ್ ಟೂರ್ನಿ, ಅಂದರೆ ಸ್ವೆನ್ಸ್ಕಾ ಕುಪೆನ್, ಇದರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಗೋಟೆಬೊರ್ಗ್ ಅದನ್ನು 8 ಸಲ ಗೆದ್ದಿದೆ. ಅದಕ್ಕೆ ಬೇರೆ ಕಾಲಂ ಇಡಿ.

ಮುಂದಿನದು ವರ್ಷ ಬರೆಯುವ ರೀತಿ. ಹಳೇ ಸೀಸನ್‌ಗಳು ಶರತ್ಕಾಲದಲ್ಲಿ ಶುರುವಾಗಿ ಮುಂದಿನ ವರ್ಷ ಮುಗಿಯುತ್ತಿದ್ದವು. ಹಾಗಾಗಿ 1934–35, 1941–42 ಅಂತ ಎರಡು ವರ್ಷ ಬರೆಯಿರಿ. 1959ರಿಂದ ವಸಂತದಲ್ಲಿ ಶುರುವಾಗಿ ಅದೇ ವರ್ಷ ಮುಗಿಯುತ್ತದೆ, ಒಂದು ವರ್ಷ ಸಾಕು. ಈ ಬದಲಾವಣೆಯ ನಡುವೆ ಬಂದ 1957–58 ಸೀಸನ್ ನನಗೆ ತುಂಬಾ ಇಷ್ಟ. ಕ್ಯಾಲೆಂಡರ್ ಸರಿಹೊಂದಿಸಲು 12 ತಂಡಗಳು ಪರಸ್ಪರ ಎರಡರ ಬದಲು ಮೂರು ಸಲ ಆಡಿದವು. ತಂಡಕ್ಕೆ 33 ಪಂದ್ಯ! ಮ್ಯಾರಥಾನ್ ಲೀಗ್ ಅಂತಲೇ ಅದಕ್ಕೆ ಹೆಸರು. ಅದನ್ನು ಗೆದ್ದಿದ್ದು ಗೋಟೆಬೊರ್ಗ್.

ಇದರ ಜೊತೆಗೆ ತಂಡಗಳ ಸಂಖ್ಯೆಯೂ ಬದಲಾಗುತ್ತಾ ಬಂದಿದೆ. ಶುರುವಿನಿಂದ 1972ರವರೆಗೆ 12 ತಂಡ, ಅಂದರೆ ಸಾಮಾನ್ಯವಾಗಿ 22 ಪಂದ್ಯ. 1973ರಿಂದ 14. 1982ರಲ್ಲಿ ಮತ್ತೆ 12. 1991 ಮತ್ತು 1992ರಲ್ಲಿ ಬರೀ 10. 1993ರಿಂದ 14, 2008ರಿಂದ 16 ತಂಡ, 30 ಪಂದ್ಯ. ಒಂದು ಸೀಸನ್ನಿನ ಅತಿ ಹೆಚ್ಚು ಅಂಕ, ಅತಿ ಹೆಚ್ಚು ಗೆಲುವು ಅನ್ನುವ ದಾಖಲೆ ಕಂಡರೆ ಮೊದಲು ಎಷ್ಟು ಪಂದ್ಯ ಅಂತ ನೋಡಿ. ಇನ್ನೂ ಒಂದಿದೆ. 1989ರವರೆಗೆ ಗೆಲುವಿಗೆ 2 ಅಂಕ, 1990ರಿಂದ 3. ಹಳೇ ತಂಡ 22 ಪಂದ್ಯಗಳಲ್ಲಿ 14 ಗೆದ್ದು 5 ಡ್ರಾ ಮಾಡಿದ್ದರೆ ಆಗಿನ ಲೆಕ್ಕದಲ್ಲಿ 33 ಅಂಕ, ಈಗಿನ ಲೆಕ್ಕದಲ್ಲಿ 47. ಹಾಗಾಗಿ ಅಂಕದ ಬದಲು ಗೆಲುವು, ಡ್ರಾ, ಸೋಲು ಮೂರನ್ನೂ ಬರೆದಿಟ್ಟುಕೊಳ್ಳಿ. ಅಂಕ ಯಾವಾಗ ಬೇಕಾದರೂ ಲೆಕ್ಕ ಹಾಕಬಹುದು.

ಆಟಗಾರರ ದಾಖಲೆಗೆ ಬಂದರೆ, ಲೀಗ್ ಪಂದ್ಯ ಬೇರೆ, ಒಟ್ಟು ಪಂದ್ಯ ಬೇರೆ. ಸ್ವೀಡಿಷ್ ಕ್ಲಬ್ಬುಗಳ ಒಟ್ಟು ಲೆಕ್ಕದಲ್ಲಿ ಅನೇಕ ವೇಳೆ ಸೌಹಾರ್ದ ಪಂದ್ಯಗಳೂ ಸೇರಿರುತ್ತವೆ. ಗೋಟೆಬೊರ್ಗ್ ಪರ ಅತಿ ಹೆಚ್ಚು ಆಡಿದವರು ಯಾರು? ಒಟ್ಟು ಪಂದ್ಯ ಅಂದರೆ ಮಿಕಾಯೆಲ್ ನಿಲ್ಸನ್, 609. ಆಲ್‌ಸ್ವೆನ್ಸ್ಕನ್ ಮಾತ್ರ ಅಂದರೆ ಬೆಂಗ್ಟ್ ಬೆರ್ನ್ಟ್‌ಸನ್, 348. ಪ್ರಶ್ನೆ ಸ್ವಲ್ಪ ಬದಲಾದರೆ ಉತ್ತರದ ಹೆಸರೇ ಬದಲಾಗುತ್ತದೆ ನೋಡಿ. ಗೋಲಿನಲ್ಲಿ ಮಾತ್ರ ಈ ತಾಪತ್ರಯ ಇಲ್ಲ. ಎರಡು ಲೆಕ್ಕದಲ್ಲೂ ಒಂದೇ ಹೆಸರು, ಫಿಲಿಪ್ ಯೋಹಾನ್ಸನ್. ಲೀಗಿನ ಮೊದಲ ಸೀಸನ್ 1924–25ರಲ್ಲೇ 39 ಗೋಲು ಹೊಡೆದವರು ಇವರು. ಆಲ್‌ಸ್ವೆನ್ಸ್ಕನ್‌ನ ಒಂದು ಸೀಸನ್ನಿನ ದಾಖಲೆ ಇವತ್ತಿಗೂ ಅದೇ. ಅದೂ 22 ಪಂದ್ಯಗಳ ಸೀಸನ್ನಿನಲ್ಲಿ. ಈಗಿನ 30 ಪಂದ್ಯಗಳಲ್ಲಿ ಅದೇ ವೇಗದಲ್ಲಿ ಹೊಡೆಯಬೇಕು ಅಂದರೆ 53 ಗೋಲು ಬೇಕಾಗುತ್ತದೆ. ಪಂದ್ಯ ಜಾಸ್ತಿ ಆದರೂ ಮುರಿಯದ ದಾಖಲೆ ಇದು, ಇದಕ್ಕೆ ಬೆಲೆ ಜಾಸ್ತಿ.

ಪ್ರೇಕ್ಷಕರ ದಾಖಲೆಗೆ ಮೈದಾನದ ಹೆಸರನ್ನೂ ಸೇರಿಸಿ ಬರೆಯಿರಿ. 1959ರ ಜೂನ್ 3ರಂದು ಅದೇ ಊರಿನ ಓರ್ಗ್ರೂಟೆ ತಂಡದ ಜೊತೆಗಿನ ಪಂದ್ಯ ನೋಡಲು 52,194 ಜನ ಬಂದಿದ್ದರು. ಇದು ಇಡೀ ಲೀಗಿನ ದಾಖಲೆ. ಪಂದ್ಯ ನಡೆದಿದ್ದು 1958ರ ವಿಶ್ವಕಪ್ಪಿಗೆ ಕಟ್ಟಿದ ದೊಡ್ಡ ಉಲ್ಲೆವಿಯಲ್ಲಿ. ಕ್ಲಬ್ಬಿನ ಈಗಿನ ಮನೆ ಗಮ್ಲಾ ಉಲ್ಲೆವಿ, ಅಲ್ಲಿ 20,000 ಜನ ಕೂಡ ಹಿಡಿಯುವುದಿಲ್ಲ. ಜನಪ್ರೀತಿ ಕಡಿಮೆಯಾಯಿತು ಅಂತ ಸುಮ್ನೆ ಈ ಒಂದು ಅಂಕಿಯಿಂದ ತೀರ್ಮಾನಿಸಬೇಡಿ.

ಪಟ್ಟಗಳ ಪಟ್ಟಿಯ ಪಕ್ಕದಲ್ಲಿ ಪ್ರತಿ ವರ್ಷದ ಸ್ಥಾನವನ್ನೂ ಬರೆಯಿರಿ ಅಂತ ನಾನು ಒತ್ತಿ ಹೇಳುತ್ತೇನೆ. ಬರೀ ಗೆದ್ದ ವರ್ಷ ನೋಡಿದರೆ 1969 ಆದ ಮೇಲೆ 1982, ಅಷ್ಟೇ. ನಡುವೆ ಏನಾಯಿತು? ಚಾಂಪಿಯನ್ ಆದ ಮರುವರ್ಷವೇ, 1970ರಲ್ಲಿ, ತಂಡ ಕೆಳಗಿನ ಡಿವಿಷನ್‌ಗೆ ಬಿತ್ತು. ವಾಪಸ್ ಮೇಲೆ ಬಂದಿದ್ದು 1977ಕ್ಕೆ. ಹಾಗೆ ಎದ್ದು ಬಂದ ತಂಡ ಐದೇ ವರ್ಷದಲ್ಲಿ ಯುರೋಪ್ ಗೆದ್ದಿತು ಅನ್ನುವುದು ಸ್ಥಾನಗಳ ಕಾಲಂ ಇದ್ದರೆ ಮಾತ್ರ ಕಾಣುತ್ತದೆ.

ಯುರೋಪಿನ ಪಂದ್ಯಗಳಿಗೆ ಪೂರ್ತಿ ಬೇರೆ ಹಾಳೆ ತೆಗೆದುಕೊಳ್ಳಿ. ಈ ಕ್ಲಬ್ಬಿನ ನಿಜವಾದ ಸಂಪತ್ತು ಇರುವುದೇ ಇಲ್ಲಿ. 1982 ಮತ್ತು 1987ರಲ್ಲಿ ಎರಡು ಸಲ ಯುಇಎಫ್‌ಎ ಕಪ್ (ಈಗಿನ ಯುರೋಪಾ ಲೀಗ್) ಗೆದ್ದರು. 1982ರ ಫೈನಲ್ಲಿನಲ್ಲಿ ಜರ್ಮನಿಯ ಹ್ಯಾಂಬರ್ಗ್ ತಂಡವನ್ನು ಮನೆಯಲ್ಲಿ 1–0, ಅವರ ಊರಲ್ಲಿ 3–0 ಸೋಲಿಸಿದರು. ಕೋಚ್ ಸ್ವೆನ್-ಯೋರಾನ್ ಎರಿಕ್ಸನ್. ಆ ತಂಡದ ಹಲವರು ಬೇರೆ ಕೆಲಸ ಮಾಡಿಕೊಂಡೇ ಆಡುತ್ತಿದ್ದರು ಅನ್ನುವುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. 1987ರಲ್ಲಿ ಸ್ಕಾಟ್ಲೆಂಡಿನ ಡಂಡೀ ಯುನೈಟೆಡ್ ಎದುರು 1–0, 1–1. ಎರಡೂ ಟೂರ್ನಿಗಳಲ್ಲಿ 12 ಪಂದ್ಯ ಆಡಿ ಒಂದನ್ನೂ ಸೋಲಲಿಲ್ಲ.

ಇಲ್ಲಿ ಪ್ರತಿ ಸುತ್ತಿಗೆ ಎರಡು ಪಂದ್ಯ ಇರುವುದರಿಂದ, ಪಂದ್ಯದ ಫಲಿತಾಂಶ ಒಂದು ಕಾಲಂ, ಸುತ್ತು ಹೇಗೆ ತೀರ್ಮಾನವಾಯಿತು ಅನ್ನುವುದು ಇನ್ನೊಂದು ಕಾಲಂ ಆಗಬೇಕು. 1986ರ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಸೆಮಿಫೈನಲ್ ತೆಗೆದುಕೊಳ್ಳಿ. ಬಾರ್ಸಿಲೋನಾ ಎದುರು ಮನೆಯಲ್ಲಿ 3–0 ಗೆಲುವು, ಅಲ್ಲಿ 0–3 ಸೋಲು, ಪೆನಾಲ್ಟಿಯಲ್ಲಿ ಔಟ್. ಪಂದ್ಯದ ಲೆಕ್ಕದಲ್ಲಿ ಒಂದು ಗೆಲುವು ಒಂದು ಸೋಲು, ಪೆನಾಲ್ಟಿ ಶೂಟೌಟಿನ ಗೋಲು ಗೋಲುಗಳ ಮೊತ್ತಕ್ಕೆ ಸೇರುವುದಿಲ್ಲ. "ಅವೇ" (away) ಗೋಲು ನಿಯಮವನ್ನೂ ಹೀಗೇ ಬರೆಯಿರಿ. ಗೋಲು ಸಮವಾದಾಗ ಎದುರಾಳಿಯ ಮೈದಾನದಲ್ಲಿ ಜಾಸ್ತಿ ಹೊಡೆದವರು ಮುಂದೆ ಹೋಗುತ್ತಿದ್ದ ಕಾಲ ಅದು. 1987ರಲ್ಲಿ ಇಂಟರ್ ಮಿಲಾನ್ ಎದುರು ಇಲ್ಲಿ 0–0, ಅಲ್ಲಿ 1–1. ಎರಡು ಡ್ರಾ, ಗೋಟೆಬೊರ್ಗ್ ಮುಂದೆ. 1994–95ರ ಚಾಂಪಿಯನ್ಸ್ ಲೀಗಿನಲ್ಲಿ ಬಾರ್ಸಿಲೋನಾ, ಮ್ಯಾಂಚೆಸ್ಟರ್ ಯುನೈಟೆಡ್, ಗಲಾಟಸರಾಯ್ ಇದ್ದ ಗುಂಪಿನಲ್ಲಿ ಮೊದಲ ಸ್ಥಾನ ಪಡೆದು, ಕ್ವಾರ್ಟರ್ ಫೈನಲ್ಲಿನಲ್ಲಿ ಬಯರ್ನ್ ಮ್ಯೂನಿಕ್ ಎದುರು ಅಲ್ಲಿ 0–0, ಇಲ್ಲಿ 2–2 ಮಾಡಿ, ಅದೇ ನಿಯಮದಿಂದ ಹೊರಬಿದ್ದರು. ಹಾಳೆಯಲ್ಲಿ ಎರಡೂ ಸುತ್ತುಗಳ ಮುಂದೆ ಎರಡೆರಡು ಡ್ರಾ ಇರುತ್ತದೆ, ಒಂದರ ಪಕ್ಕ "ಅವೇ ಗೋಲಿನಿಂದ ಮುಂದೆ", ಇನ್ನೊಂದರ ಪಕ್ಕ "ಅವೇ ಗೋಲಿನಿಂದ ಔಟ್" ಅಂತ ಬರೆದಿಡಿ.