ಅರ್ಧ ಗಂಟೆಯ ತಪ್ಪು, ಒಂದು ಮೀನಿನ ತೊಟ್ಟಿ: ಬಾಜ಼ಿ ಮತ್ತು ಫೆಂಗ್ ಶುಯಿ ಕೂಡಿಸಿ ನೋಡಿದ ನನ್ನ ಅನುಭವ

ಎರಡನ್ನೂ ಕಲಸಬೇಡ ಅಂತ ನನಗೆ ಹೇಳದವರೇ ಇಲ್ಲ. ಫ್ಲೈಯಿಂಗ್ ಸ್ಟಾರ್ (ಮನೆಯ ದಿಕ್ಕು, ಕಟ್ಟಿದ ಕಾಲ ನೋಡಿ 1ರಿಂದ 9ರ 'ನಕ್ಷತ್ರ'ಗಳನ್ನು ಹಂಚುವ ಫೆಂಗ್ ಶುಯಿ) ಮನೆಯ ಲೆಕ್ಕ, ಬಾಜ಼ಿ (ಹುಟ್ಟಿದ ಸಮಯದಿಂದ ಹಾಕುವ ಚೀನೀ ಜಾತಕ) ಮನುಷ್ಯನ ಲೆಕ್ಕ, ಒಂದರೊಳಗೆ ಇನ್ನೊಂದನ್ನು ತಂದರೆ ಎರಡೂ ಕೆಡುತ್ತವೆ ಎಂದು ನನ್ನ ಜೊತೆ ಕಲಿತವರೇ ಹೇಳಿದರು. ಹುಬ್ಬಳ್ಳಿಯಿಂದ ಅತ್ತೆಯವರದ್ದು ಬೇರೆ ಮಾತು: "ನಮ್ಮ ಜಾತಕ ಇರೂಮುಂದ ಚೀನಾದವ್ರದ್ದು ಯಾಕ ಬೇಕವಾ?" 2019ರಿಂದ ನಮ್ಮ ಮನೆಯಲ್ಲಿ, ಆಮೇಲೆ ಸಿಂಗಪುರದಲ್ಲೇ ಪರಿಚಯದವರ ಹದಿನಾಲ್ಕು ಮನೆಗಳಲ್ಲಿ ಎರಡನ್ನೂ ಕೂಡಿಸಿಯೇ ನೋಡಿದ್ದೇನೆ. ಕೆಲಸ ಮಾಡಿದೆ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಕಂಬ (ಬಾಜ಼ಿಯಲ್ಲಿ ಹುಟ್ಟಿದ ವರ್ಷ, ತಿಂಗಳು, ದಿನ, ಗಂಟೆಯ ಗುರುತು) ಹಾಕುವುದು, ಲುವೊಪಾನ್ (ಫೆಂಗ್ ಶುಯಿಯ ದಿಕ್ಸೂಚಿ) ಹಿಡಿಯುವುದು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. ಆ ಪಾಠ ಇಲ್ಲಿಲ್ಲ.

2017ರಲ್ಲಿ ಪುಂಗೋಲ್‌ನ ಒಂದು ಎಚ್‌ಡಿಬಿ (ಸಿಂಗಪುರದ ಸರ್ಕಾರಿ ವಸತಿ) ಫ್ಲ್ಯಾಟ್‌ಗೆ ಬಾಡಿಗೆಗೆ ಬಂದೆವು. ಕಟ್ಟಡ ಪೀರಿಯಡ್ 8ರದ್ದು, ಅಂದರೆ 2004ರಿಂದ 2024ರವರೆಗಿನ ಇಪ್ಪತ್ತು ವರ್ಷದ ಅವಧಿಯದ್ದು. ಅಷ್ಟರಲ್ಲಿ ನಾನು ಒಂದು ವರ್ಷ ಕಲಿತಿದ್ದೆ. ಕೋರ್ಸಿಗೆ ಎಲ್ಲ ಸೇರಿ 2,800 ಡಾಲರ್ ಆಗಿರಬೇಕು, ಲುವೊಪಾನ್‌ಗೆ 220ರ ಹತ್ತಿರ. ಬಂದ ದಿನವೇ ಬಾಗಿಲಲ್ಲಿ ನಿಂತು ಹಾಲಿನ ಕಿಟಕಿ ಕಡೆಗೆ ಅಳೆದೆ. 169 ಡಿಗ್ರಿ. ಅಂದರೆ ಬಿಂಗ್ ದಿಕ್ಕು (ದಕ್ಷಿಣದ ಮೊದಲ ಭಾಗ). ಆ ಅವಧಿಯ ಒಳ್ಳೆಯ ನಕ್ಷತ್ರ 8 ಎರಡು ಸಲ ಬೀಳುವ ಜಾಗ, ಜೋಡಿ 8, ಹಿಂದೆ ಉತ್ತರದಲ್ಲಿ. ಅಲ್ಲಿ ಸರ್ವಿಸ್ ಯಾರ್ಡ್ ಇತ್ತು. ಆ 8 ನೀರಿನಿಂದ ಏಳಲಿ ಅಂತ 68 ಡಾಲರ್ ಕೊಟ್ಟು ಒಂದು ಸಣ್ಣ ಕಾರಂಜಿ ತಂದು ಇಟ್ಟೆ.

ಏಳೆಂಟು ತಿಂಗಳು ಏನೂ ಆಗಲಿಲ್ಲ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಸುಮ್ನೆ ಕರೆಂಟು ಖರ್ಚು. ಎಚ್‌ಡಿಬಿ ಮನೆಗಳಿಗೆಲ್ಲ ಬಾಗಿಲ ಹೊರಗೆ ಲೋಹದ ಗೇಟು ಇರುತ್ತದೆ, ಅಲ್ವಾ? ನಾನು ಅದಕ್ಕೆ ಒರಗಿಕೊಂಡು ಅಳೆದಿದ್ದೆ, ಲೋಹ ಮುಳ್ಳನ್ನು ಎಳೆದಿತ್ತು. ಇನ್ನೊಂದು ದಿನ ಕೆಳಗಿಳಿದು, ವಾಯ್ಡ್ ಡೆಕ್ (ಕಟ್ಟಡದ ಕೆಳಗಿನ ತೆರೆದ ಜಾಗ) ದಾಟಿ, ಕಟ್ಟಡದಿಂದ ಇಪ್ಪತ್ತು ಹೆಜ್ಜೆ ದೂರ ಹುಲ್ಲಿನ ಮೇಲೆ ನಿಂತು ಮೂರು ಕಡೆ ಅಳೆದೆ. 178, 177, 179. ಬಿಂಗ್ ಅಲ್ಲ, ವು (ದಕ್ಷಿಣದ ನಡುಭಾಗ). ನಕ್ಷತ್ರಗಳ ಚಾರ್ಟೇ ಬೇರೆ. ಜೋಡಿ 8 ಹಿಂದೆ ಇಲ್ಲ, ಮುಂದೆ ದಕ್ಷಿಣದಲ್ಲಿದೆ. ಅಷ್ಟು ಹೊತ್ತಿಗೆ 2018ರ ಲಿ ಚುನ್ (ಫೆಬ್ರವರಿ ಮೊದಲ ವಾರದ ಚೀನೀ ಸೌರ ವರ್ಷಾರಂಭ) ಬಂದಿತ್ತು, ಆ ವರ್ಷದ ಪಂಚಹಳದಿ (ಪ್ರತಿ ವರ್ಷ ಜಾಗ ಬದಲಿಸುವ ಕೆಟ್ಟ ನಕ್ಷತ್ರ 5) ಉತ್ತರಕ್ಕೆ ಬಂದು ಕೂತಿತ್ತು. ಕಾರಂಜಿಯನ್ನು ಅವತ್ತೇ ತೆಗೆದೆ.

ಇಲ್ಲಿವರೆಗಿನ ತಪ್ಪು ಅಗ್ಗದ್ದು. ಮುಂದಿನದು ದುಬಾರಿ.

ಯಜಮಾನರದ್ದು ಹಡಗುಗಳಿಗೆ ಬಿಡಿಭಾಗ ಪೂರೈಸುವ ಸಣ್ಣ ವ್ಯಾಪಾರ. ಮಾಲು ಹೋಗುತ್ತದೆ, ಹಣ ತಡವಾಗಿ ಬರುತ್ತದೆ. ಅವರು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಸೆಪ್ಟೆಂಬರ್ ಮಧ್ಯದಲ್ಲಿ, ರಾತ್ರಿ ಹನ್ನೊಂದೂಕಾಲಕ್ಕೆ. 11ಕ್ಕೆ ದಿನ ಬದಲಾಗುತ್ತದೆ ಎನ್ನುವ ಪಂಥ ನಾನು ಕಲಿತದ್ದು. ಹಾಗಾಗಿ ಮರುದಿನದ ಕಂಬ ಹಾಕಿದೆ. ಡೇ ಮಾಸ್ಟರ್ (ಹುಟ್ಟಿದ ದಿನದ ಧಾತು, ಅಂದರೆ ಆ ಮನುಷ್ಯನೇ) ಜಿಯಾ ಮರ, ಹುಂಜದ ತಿಂಗಳು, ಇಲಿಯ ಗಂಟೆ (ರಾತ್ರಿ 11ರಿಂದ 1). ಲೋಹದ ತಿಂಗಳಲ್ಲಿ ಏಟು ತಿನ್ನುತ್ತಿರುವ ಮರ. ಲೋಹಕ್ಕೂ ಮರಕ್ಕೂ ನಡುವೆ ಸೇತುವೆಯಾಗಿ ನೀರು ಬೇಕು. ನನ್ನ ಜಾಗದಲ್ಲಿ ನೀವಿದ್ದರೂ ನೀರೇ ಯೋಂಗ್ ಶೆನ್ (ಆ ಚಾರ್ಟಿಗೆ ಬೇಕಾದ ಧಾತು) ಅನ್ನುತ್ತಿದ್ದಿರಿ. ಮನೆಯ ಚಾರ್ಟೂ ದಕ್ಷಿಣದ ಜೋಡಿ 8ರ ಮುಂದೆ ನೀರಿಡು ಅನ್ನುತ್ತಿತ್ತು. ಎರಡೂ ಒಂದೇ ಮಾತು ಹೇಳಿದವು ಅಂತ ಖುಷಿಪಟ್ಟೆ. ಮೂರಡಿಯ ತೊಟ್ಟಿ, ಸೆಕೆಂಡ್ ಹ್ಯಾಂಡ್, 450 ಡಾಲರ್. ಪಂಪು, ಕಲ್ಲು, ಮೀನು ಎಲ್ಲ ಸೇರಿ 700 ದಾಟಿತು. 2018ರ ಮಾರ್ಚ್‌ನಲ್ಲಿ ಹಾಲಿನ ಕಿಟಕಿಯ ಕೆಳಗೆ ಇಟ್ಟೆ.

ಎರಡು ತಿಂಗಳಲ್ಲಿ ಹಣ ನಿಲ್ಲಲು ಶುರುವಾಯಿತು. ಮೂರು ಕಡೆಯಿಂದ ಬರಬೇಕಿದ್ದ ಬಾಕಿ ಸುಮಾರು 40 ಸಾವಿರ ಡಾಲರ್. ಒಬ್ಬರು ಫೋನ್ ಎತ್ತುವುದನ್ನೇ ಬಿಟ್ಟರು. ಯಜಮಾನರಿಗೆ ನಿದ್ದೆ ಇಲ್ಲ, ರಾತ್ರಿ ಎರಡಕ್ಕೆ ಎದ್ದು ಆ ತೊಟ್ಟಿಯ ಮುಂದೆ ಕೂರುತ್ತಿದ್ದರು. ಅದನ್ನು ನೋಡಿ ನನಗೆ ಹೊಟ್ಟೆ ಕಿವುಚಿದಂತಾಗುತ್ತಿತ್ತು. ಇನ್ನೊಬ್ಬ ಶಿಫು (ಫೆಂಗ್ ಶುಯಿ ಗುರು) ಹತ್ತಿರ ಹೋದೆ, ಫೀಸು 688 ಡಾಲರ್. ಅವರು ಮನೆಯನ್ನು ಇಪ್ಪತ್ತು ನಿಮಿಷ ನೋಡಿ, ತೊಟ್ಟಿ ಚಿಕ್ಕದಾಯಿತು, ದೊಡ್ಡದು ತನ್ನಿ, ಎಂಟು ಕೆಂಪು ಮೀನು, ಒಂದು ಕಪ್ಪು ಮೀನು ಬಿಡಿ ಅಂದರು. ಯಜಮಾನರ ಹುಟ್ಟಿದ ದಿನ ಕೇಳಲೇ ಇಲ್ಲ. ಅವರು ಹೇಳಿದ್ದನ್ನೂ ಮಾಡಿದೆ, ಇನ್ನೊಂದು 300 ಹೋಯಿತು. ಪರಿಸ್ಥಿತಿ ಇನ್ನೂ ಬಿಗಿಯಾಯಿತು.

ನನಗೆ ಕಲಿಸಿದವರು ಆಗ ಒಂದು ಹಳೆಯ ಚೀನೀ ಮಾತು ನೆನಪಿಸಿದರು. ಯಿ ಮಿಂಗ್, ಎರ್ ಯುನ್, ಸಾನ್ ಫೆಂಗ್ ಶುಯಿ. ಮೊದಲು ಹಣೆಬರಹ, ಎರಡನೆಯದು ದೆಸೆ, ಮೂರನೆಯದು ಫೆಂಗ್ ಶುಯಿ. ನಾಲ್ಕನೆಯದು ಪುಣ್ಯ, ಐದನೆಯದು ಓದು. ಮೂರರಲ್ಲಿ ತಪ್ಪು ಸಿಗದಿದ್ದರೆ ಒಂದಕ್ಕೆ ವಾಪಸ್ ಹೋಗು ಅಂದರು. ನಾನು ಹೋಗಲಿಲ್ಲ. ನನ್ನ ಕಂಬ ಸರಿ ಇದೆ ಅಂತ ನನಗೆ ಅಷ್ಟು ಧೈರ್ಯ.

ದೀಪಾವಳಿಗೆ ಹುಬ್ಬಳ್ಳಿಗೆ ಹೋದಾಗ ಅತ್ತೆಯವರು ಟ್ರಂಕಿನಿಂದ ಮಗನ ಜಾತಕ ತೆಗೆದರು. ಹಳದಿ ಕಾಗದ, ಅರಿಶಿನ ಕುಂಕುಮದ ಕಲೆ. ಅದರಲ್ಲಿ ಹನ್ನೊಂದೂಕಾಲು ಅಂತ ಇರಲಿಲ್ಲ. ಸೂರ್ಯೋದಯಾದಿ 42 ಘಟಿ ಚಿಲ್ಲರೆ ಅಂತ ಇತ್ತು. ಅಲ್ಲೇ ಮಂಚದ ಮೇಲೆ ಕೂತು ಲೆಕ್ಕ ಹಾಕಿದೆ. ಘಟಿಗೆ 24 ನಿಮಿಷ. 42 ಘಟಿ ಅಂದರೆ ಹದಿನೇಳು ಗಂಟೆಗೆ ಸ್ವಲ್ಪ ಕಡಿಮೆ. ಸೆಪ್ಟೆಂಬರ್ ಮಧ್ಯದಲ್ಲಿ ಸೂರ್ಯನ ಲೆಕ್ಕಕ್ಕೆ ಸೂರ್ಯೋದಯ ಹೆಚ್ಚುಕಮ್ಮಿ 6ಕ್ಕೆ. ಕೂಡಿಸಿದರೆ ರಾತ್ರಿ 11 ಮುಟ್ಟುವುದೇ ಇಲ್ಲ!

ಭಾರತದ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು. ಹುಬ್ಬಳ್ಳಿ 75ರ ಹತ್ತಿರ ಇದೆ. ಡಿಗ್ರಿಗೆ 4 ನಿಮಿಷದಂತೆ ಅರ್ಧ ಗಂಟೆ ಹಿಂದೆ. ಹನ್ನೊಂದೂಕಾಲು ಅಂದರೆ ಅಲ್ಲಿನ ಸೂರ್ಯನಿಗೆ ಹತ್ತೂ ಮುಕ್ಕಾಲು ದಾಟಿದೆ ಅಷ್ಟೆ. ಇಲಿಯ ಗಂಟೆ ಅಲ್ಲ, ಹಂದಿಯ ಗಂಟೆ (ರಾತ್ರಿ 9ರಿಂದ 11). ಮರುದಿನ ಅಲ್ಲ, ಹಿಂದಿನ ದಿನ. ಡೇ ಮಾಸ್ಟರ್ ಜಿಯಾ ಮರ ಅಲ್ಲ, ಗ್ವೇ ನೀರು. ಗಂಟೆಯ ಕಂಬ ಗ್ವೇ ಹಾಯ್, ಅದೂ ನೀರು. ತಿಂಗಳ ಕಂಬ ಶಿನ್ ಯೌ, ಎರಡೂ ಲೋಹ, ನೀರಿಗೆ ತಾಯಿ. ತುಂಬಿ ಹರಿಯುತ್ತಿರುವ ಮನುಷ್ಯನ ಮುಂದೆ ನಾನು ಇನ್ನೊಂದು ತೊಟ್ಟಿ ನೀರು ತಂದಿಟ್ಟಿದ್ದೆ. ನಮ್ಮ ಪಂಚಾಂಗದವರು ಐವತ್ತು ವರ್ಷದಿಂದ ಸರಿಯಾಗಿಯೇ ಬರೆದಿಟ್ಟುಕೊಂಡಿದ್ದರು.

ಸಿಂಗಪುರದಲ್ಲಿ ಹುಟ್ಟಿದ ಮಕ್ಕಳ ಕಂಬ ಹಾಕುವವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. ಇಲ್ಲಿನ ಗಡಿಯಾರ 120 ಡಿಗ್ರಿಯದು, ಊರು ಇರುವುದು 104ರ ಹತ್ತಿರ. ಒಂದು ಗಂಟೆಗೂ ಮೇಲೆ ವ್ಯತ್ಯಾಸ. 1982ಕ್ಕಿಂತ ಮೊದಲು ಹುಟ್ಟಿದವರಿಗೆ ಗಡಿಯಾರವೇ ಅರ್ಧ ಗಂಟೆ ಬೇರೆ. ಇದನ್ನು ಬಿಟ್ಟು ಕಂಬ ಹಾಕಿದ ಚಾರ್ಟುಗಳನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ.

ಈಗ ನನ್ನ ವಾದಕ್ಕೆ ಬರುತ್ತೇನೆ. ದಕ್ಷಿಣದ ಜೋಡಿ 8 ಸುಳ್ಳಲ್ಲ. ಮನೆಯ ಚಾರ್ಟ್ ಸರಿಯಾಗಿಯೇ ಇತ್ತು. ಆದರೆ ಅದು 'ಎಲ್ಲಿ' ಅಂತ ಮಾತ್ರ ಹೇಳುತ್ತದೆ. 'ಯಾವುದರಿಂದ' ಅನ್ನುವುದನ್ನು ಆ ಮನೆಯಲ್ಲಿ ದುಡಿಯುವವರ ಬಾಜ಼ಿ ಹೇಳಬೇಕು. ಗ್ವೇ ನೀರಿಗೆ ಹಣ ಅಂದರೆ ಬೆಂಕಿ. ದಕ್ಷಿಣ ಬೆಂಕಿಯ ದಿಕ್ಕು. 8 ಮಣ್ಣಿನ ನಕ್ಷತ್ರ, ಬೆಂಕಿ ಮಣ್ಣನ್ನು ಸಾಕುತ್ತದೆ. ಅಂದರೆ ಅಲ್ಲಿ ನೀರಿನ ಬದಲು ದೀಪ ಇಟ್ಟರೆ ಒಂದೇ ಏಟಿಗೆ ನಕ್ಷತ್ರವೂ ಏಳುತ್ತದೆ, ಯಜಮಾನರ ಹಣವೂ ಏಳುತ್ತದೆ. ಅವರ ದೆಸೆಯೂ ಆಗ ಬಿಂಗ್ ಚೆನ್. ಬಿಂಗ್ ಅಂದರೆ ಸೂರ್ಯನ ಬೆಂಕಿ, ಹತ್ತು ವರ್ಷದ ಹಣದ ದೆಸೆ ಬಾಗಿಲಿಗೆ ಬಂದಿತ್ತು. ಆದರೆ ಬಿಂಗ್ ಬಂದು ತಿಂಗಳ ಶಿನ್ ಜೊತೆ ಕೂಡಿಕೊಂಡರೆ ನೀರಾಗುತ್ತದೆ. ಅದಕ್ಕೆ ತೊಟ್ಟಿಯ ನೀರೂ ಸೇರಿದ್ದರಿಂದ ಬೆಂಕಿ ಪೂರ್ತಿ ಆರಿತ್ತು. ಬಾಕಿ ಯಾಕೆ ನಿಂತಿತು ಅನ್ನುವುದಕ್ಕೆ ನನಗೆ ಇದಕ್ಕಿಂತ ಬೇರೆ ಕಾರಣ ಬೇಡ.

2019ರ ಲಿ ಚುನ್ ಆದ ಮೇಲೆ ದಿನ ನೋಡಿ ತೊಟ್ಟಿ ತೆಗೆದೆ. 120 ಡಾಲರಿಗೆ ಮಾರಿದೆ. ಆ ಜಾಗದಲ್ಲಿ ಎತ್ತರದ ಒಂದು ನೆಲದೀಪ ಇಟ್ಟೆ. ಹಳದಿ ಬೆಳಕು, 90 ಡಾಲರ್ ಇರಬಹುದು. ದಿನಾ ಸಂಜೆ 7ರಿಂದ 11. ಹಚ್ಚಿದ ಮೊದಲ ದಿನ ಮತ್ತು ಗಂಟೆಯನ್ನು ನಾನು ಆರಿಸಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಮೂರು ವರ್ಷ ಒದ್ದಾಡಿ ಕಂಡುಕೊಂಡಿದ್ದು, ಅದು ನನ್ನ ಹತ್ತಿರವೇ ಇರಲಿ.

ಏಪ್ರಿಲ್‌ನಲ್ಲಿ ಮೊದಲ 11 ಸಾವಿರ ಬಂತು. ಫೋನ್ ಎತ್ತದವರು ತಾವೇ ಫೋನ್ ಮಾಡಿದರು. ಆಗಸ್ಟ್ ಒಳಗೆ 40ರಲ್ಲಿ ಸುಮಾರು 34 ಸಾವಿರ ಕೈಗೆ ಬಂದಿತ್ತು. 2021ರಲ್ಲಿ ಹಡಗಿನವರಿಗೆಲ್ಲ ವ್ಯಾಪಾರ ಚೆನ್ನಾಗಿತ್ತಲ್ಲ, ಅದರಿಂದ ಆಯಿತು ಅಂತ ಕೆಲವರು ಹೇಳುತ್ತಾರೆ. ನಮ್ಮ ಬಾಕಿ ಬಂದಿದ್ದು ಅದಕ್ಕೂ ಎರಡು ವರ್ಷ ಮೊದಲು.

ಎರಡು ಶಾಸ್ತ್ರ ಜಗಳ ಆಡುವ ಜಾಗವೂ ಉಂಟು. ನಮ್ಮ ಮನೆಯ ಪೂರ್ವದಲ್ಲಿ 2–5 ಇದೆ, ರೋಗದ ಜೋಡಿ. ಪುಸ್ತಕದ ಪ್ರಕಾರ ಅಲ್ಲಿ ಲೋಹ ತೂಗುಹಾಕಬೇಕು. ಆದರೆ ಲೋಹ ಯಜಮಾನರ ನೀರನ್ನು ಇನ್ನೂ ಉಕ್ಕಿಸುತ್ತದೆ. ಮತ್ತೆ ಪೂರ್ವದ ಮೊಲ ಗ್ವೇಗೆ ವೆನ್ ಚಾಂಗ್ (ಓದಿನ ನಕ್ಷತ್ರ), ಗುಯ್ ರೆನ್ (ನೆರವಿನ ನಕ್ಷತ್ರ) ಎರಡೂ ಹೌದು, ಬಾಜ಼ಿ ಮಾತ್ರ ನೋಡುವವರು ಮೇಜನ್ನು ಅಲ್ಲೇ ಹಾಕಿಸುತ್ತಾರೆ. ನಾನೂ ಹಾಕಿದ್ದೆ. ಆರು ವಾರದಲ್ಲಿ ಯಜಮಾನರ ಸೊಂಟ ಹಿಡಿದುಕೊಂಡಿತು. ಅವರ ತಿಂಗಳು ಹುಂಜ, ಮೊಲಕ್ಕೆ ಎದುರಾಳಿ ಎನ್ನುವುದೂ ಇತ್ತು. ಕೊನೆಗೆ ಪೂರ್ವದ ಕೋಣೆಯನ್ನು ಸಾಮಾನು ಇಡಲು ಬಿಟ್ಟು, ಮೇಜನ್ನು ಆಗ್ನೇಯಕ್ಕೆ ತಂದೆ. ಅಲ್ಲಿ 3–4, ಎರಡೂ ಮರ. ಮರ ನೀರನ್ನು ಹೀರಿ ಬೆಂಕಿಗೆ ಕೊಡುತ್ತದೆ. ಆ ವರ್ಷ ಹಾವಿನ ದಿಕ್ಕು ಸುಯ್ ಪೋ (ವರ್ಷದ ಪ್ರಾಣಿಗೆ ಎದುರಿನ, ಕೆದಕಬಾರದ ದಿಕ್ಕು) ಇದ್ದದ್ದರಿಂದ ಮೇಜನ್ನು ಪೂರ್ತಿ ಡ್ರ್ಯಾಗನ್ ಕಡೆಗೆ ಒತ್ತಿಸಿದೆ. ಲೋಹ ತೂಗಲೇ ಇಲ್ಲ. ಕೆಟ್ಟ ಕೋಣೆಗೆ ಮದ್ದು ಹುಡುಕುವುದಕ್ಕಿಂತ ಆ ಕೋಣೆಯಲ್ಲಿ ಮನುಷ್ಯರು ಕೂರದ ಹಾಗೆ ಮಾಡುವುದು ಮೇಲು.

ಮಗಳ ಓದಿಗೂ ಪ್ರಯತ್ನ ಮಾಡಿದೆ. ಅವಳು ಶಿನ್ ಲೋಹ, ವೆನ್ ಚಾಂಗ್ ಇಲಿ, ಅಂದರೆ ಉತ್ತರ. ನಾಲ್ಕು ಬಿದಿರಿನ ಕಡ್ಡಿ, ನಾಲ್ಕು ಪೆನ್ನು ಎಲ್ಲ ಇಟ್ಟೆ. ಏನೂ ಆಗಲಿಲ್ಲ. ಬಿದಿರು ತೆಗೆದು, ಅವಳ ಮುಖ ಮಾತ್ರ ಉತ್ತರಕ್ಕೆ ಬರುವಂತೆ ಕುರ್ಚಿ ತಿರುಗಿಸಿದೆ. ಗಣಿತದಲ್ಲಿ ಒಂದೇ ಟರ್ಮಿನಲ್ಲಿ ಹತ್ತು ಹನ್ನೆರಡು ಅಂಕ ಏರಿತು.

ಹುಬ್ಬಳ್ಳಿ ಮನೆಯಲ್ಲಿ ಸಂಪು ಈಶಾನ್ಯದಲ್ಲಿದೆ, ನಮ್ಮ ವಾಸ್ತುವಿನ ಹಾಗೆ. ಪೀರಿಯಡ್ 8ರಲ್ಲಿ ಈಶಾನ್ಯದ ನೀರು ಒಳ್ಳೆಯದಲ್ಲ. ಮುಚ್ಚಿಸಬೇಕಾ ಅಂತ ನಾದಿನಿ ಕೇಳಿದಳು. ಬೇಡ ಅಂದೆ. ಆ ಮನೆ ಕಟ್ಟುವಾಗ ಮಾವನವರ ನಕ್ಷತ್ರಕ್ಕೆ ಆಯ ನೋಡಿ ಗೋಡೆಯ ಅಳತೆ ಇಟ್ಟಿದ್ದಾರೆ. ಮನೆಯನ್ನು ಮನುಷ್ಯನಿಗೆ ಹೊಂದಿಸುವ ಕೆಲಸ ಅಲ್ಲಿ ಆಗಲೇ ಆಗಿದೆ, ನಾನು ಸಿಂಗಪುರದಲ್ಲಿ ಮಾಡಿದ್ದೂ ಅದನ್ನೇ. ಅದರ ಮೇಲೆ ನನ್ನ ಲುವೊಪಾನ್ ಇಡುವುದು ತಪ್ಪು.

ಹದಿನಾಲ್ಕು ಮನೆಗಳ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಒಂಬತ್ತರಲ್ಲಿ ಮೂರು ತಿಂಗಳೊಳಗೆ ಗೊತ್ತಾಗುವಷ್ಟು ಬದಲಾವಣೆ. ಮೂರರಲ್ಲಿ ಏನೂ ಇಲ್ಲ. ಎರಡು ಕಡೆ ಕೆಟ್ಟಿತು. ಆ ಎರಡರಲ್ಲೂ ಹುಟ್ಟಿದ ಸಮಯ "ಸುಮಾರು ಬೆಳಗ್ಗೆ" ಅಂತ ಇತ್ತು. ಈಗ ಸಮಯ ಸಿಗದವರ ಮನೆಯಲ್ಲಿ ನೀರು, ಬೆಂಕಿ ಮುಟ್ಟುವುದೇ ಇಲ್ಲ. ಮಂಚ, ಮೇಜು ಸರಿಸಿ ನಿಲ್ಲಿಸುತ್ತೇನೆ.

2024ರ ಫೆಬ್ರವರಿಯಲ್ಲಿ ಪೀರಿಯಡ್ 9 ಶುರುವಾದಾಗ ಎಲ್ಲರೂ ಉತ್ತರಕ್ಕೆ ನೀರು ಇಡಲು ಓಡಿದರು. ನಮ್ಮನೆಗೆ ಬೇಡ ಅಂತ ನನಗೆ ಮೊದಲೇ ಗೊತ್ತಿತ್ತು. 8 ಹಿಂದೆ ಸರಿಯಿತು, ಈಗ ಬೇಕಿರುವುದು ಈಶಾನ್ಯದಲ್ಲಿರುವ ನೀರಿನ ನಕ್ಷತ್ರ (ಹಣದ ನಕ್ಷತ್ರಕ್ಕೆ ಆ ಹೆಸರು) 9. 9ರ ಧಾತು ಬೆಂಕಿ, ಅದೇ ಯಜಮಾನರ ಹಣ. ಆದರೆ 2025ರಲ್ಲಿ ಪಂಚಹಳದಿ ಈಶಾನ್ಯಕ್ಕೇ ಬರುತ್ತಿತ್ತು. ಅದು ಕಳೆಯಲಿ ಅಂತ ಎರಡು ವರ್ಷ ಕಾದೆ. 2026ರಲ್ಲಿ ತಾಯ್ ಸುಯ್ (ವರ್ಷದ ಅಧಿಪತಿ), ಪಂಚಹಳದಿ ಎರಡೂ ದಕ್ಷಿಣಕ್ಕೆ ಬಂದವು, ಅಲ್ಲಿ ದೀಪ ಉರಿಸಿದರೆ ಪಂಚಹಳದಿಯ ಮಣ್ಣಿಗೇ ಊಟ ಹಾಕಿದಂತೆ. ಈಶಾನ್ಯಕ್ಕೆ ಮಾತ್ರ ಈ ವರ್ಷ 4 ಬಂದಿದೆ, ಮರ, 9ಕ್ಕೆ ಸೌದೆ. ಲಿ ಚುನ್ ಹಿಂದಿನ ರಾತ್ರಿ ದಕ್ಷಿಣದ ದೀಪ ಆರಿಸಿದೆ. ಆಮೇಲೆ ನನ್ನ ದಿನ ಬಂದಾಗ ಅದನ್ನೇ ಈಶಾನ್ಯದ ಮೂಲೆಗೆ ಒಯ್ದೆ. ಅಲ್ಲಿ 7–9 ಇದೆ, ಬೆಂಕಿ ಲೋಹವನ್ನು ಸುಡುತ್ತದೆ ಅಂತ ಹಳೆಯ ಸಹಪಾಠಿ ಹೆದರಿಸಿದಳು. ದೀಪದ ಕೆಳಗೆ ದಪ್ಪ ಮಣ್ಣಿನ ತಟ್ಟೆ ಇಟ್ಟಿದ್ದೇನೆ, ಬೆಂಕಿಗೂ ಲೋಹಕ್ಕೂ ನಡುವೆ ಅದು ನಿಲ್ಲುತ್ತದೆ. ತಟ್ಟೆಯನ್ನು ಅತ್ತೆಯವರೇ ಹುಬ್ಬಳ್ಳಿಯಿಂದ ಕಳಿಸಿಕೊಟ್ಟರು.