ಹಳೆ ಇಳಕಲ್ ಸೀರೆಯ ಕುಶನ್ ಕವರ್: ನನ್ನ ಅನುಭವ

ಹೋದ ದೀಪಾವಳಿಗೆ ನಮ್ಮ ಸೋಫಾದ ಐದು ಕುಶನ್ ಕವರುಗಳಿಗೆ ಎರಡು ವರ್ಷ ತುಂಬಿತು. ಐದೂ ಹಳೆ ಇಳಕಲ್ ಸೀರೆಯವು. ಮೂವತ್ತು ಸಲವಾದರೂ ಒಗೆದಿದ್ದೇನೆ, ಒಂದು ಹೊಲಿಗೆ ಬಿಟ್ಟಿಲ್ಲ. ಶುರು ಮಾಡಿದಾಗ ಯಾರೂ ನಂಬಿರಲಿಲ್ಲ. ಹುಬ್ಬಳ್ಳಿಯಲ್ಲಿ ಪರದೆ ಬಟ್ಟೆ ಮಾರುವವರೊಬ್ಬರು ಸೀರೆ ಮುಟ್ಟಿ ನೋಡಿ, "ಅಕ್ಕಾರ, ಇದು ಕೌದಿಗೆ ಛಲೋ. ಸೋಫಾಕ್ಕ ಆರು ತಿಂಗಳೂ ತಡಿಯಂಗಿಲ್ರೀ" ಅಂದಿದ್ದರು. ಕೌದಿ ಅಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಹೊಲಿದ ಹೊದಿಕೆ.

ಮೊದಲ ಸಲ ಅವರ ಮಾತೇ ನಿಜವಾಯಿತು. ಹನ್ನೆರಡು ಕವರಿಗೆ ಚೈನು (ಜಿಪ್), ದಾರ, ಒಳಗಿನ ದಿಂಬು ಎಲ್ಲ ಸೇರಿ ಹತ್ತಿರ ಹತ್ತಿರ 2,000 ರೂಪಾಯಿ ಹಾಕಿದ್ದೆ. ಸೀರೆ ಕತ್ತರಿಸಿ, ಹಿಂದೆ ಅಸ್ತರ ಕೊಟ್ಟು, ಸುತ್ತ ಹೊಲಿದೆ ಅಷ್ಟೇ. ನಾಲ್ಕು ಮಾರಿದೆ, ಎರಡು ತಿಂಗಳಲ್ಲಿ ಎರಡು ವಾಪಸ್ ಬಂದವು. ಹೊಲಿಗೆ ಬಿಚ್ಚಿರಲಿಲ್ಲ. ಹೊಲಿಗೆಯ ಪಕ್ಕದಲ್ಲಿ ಅಡ್ಡ ನೂಲು ಸರಿದು, ಉದ್ದ ನೂಲು ಬಾಚಣಿಗೆ ಹಲ್ಲಿನ ಹಾಗೆ ನಿಂತಿದ್ದವು. ದುಡ್ಡು ತಿರುಗಿ ಕೊಟ್ಟೆ.

ಉತ್ತರ ಮನೆಯ ಕೌದಿಯಲ್ಲೇ ಇತ್ತು. ನಮ್ಮ ಅತ್ತೆ ಹೊಲಿದದ್ದು, ಇಪ್ಪತ್ತು ವರ್ಷ ಹಳೆಯದು. ಮೇಲಿನ ಸೀರೆ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿದೆ, ಆದರೂ ಹರಿದಿಲ್ಲ. ಬೆರಳಗಲಕ್ಕೊಂದು ಸಾಲು ಹೊಲಿಗೆ ಅದನ್ನು ಕೆಳಗಿನ ಬಟ್ಟೆಗೆ ಕಚ್ಚಿ ಹಿಡಿದಿದೆ. ಭಾರ ಹೊರುವುದು ಕೆಳಗಿನ ಬಟ್ಟೆ, ಸೀರೆಯಲ್ಲ. ಅಂದರೆ ಮೊದಲು ಕೌದಿಯ ಹಾಗೆ ಹೊಲಿದು, ಆಮೇಲೆ ಕತ್ತರಿಸಬೇಕು. ನಾನು ಉಲ್ಟಾ ಮಾಡಿದ್ದೆ.

ಈಗ ಒಂದು ಮೀಟರ್ ಸೀರೆಯ ಕೆಳಗೆ ಹಳೆ ಧೋತರ ಅಥವಾ ಕಾಟನ್ ಚಾದರ ಹಾಸುತ್ತೇನೆ. ಪಾಲಿಯೆಸ್ಟರ್ ಮಿಕ್ಸ್ ಬೇಡವೇ ಬೇಡ. ಕೈಯಿಂದ ಗೇಣಿಗೊಂದು ಕಚ್ಚಾ ಹೊಲಿಗೆ, ಆಮೇಲೆ ಮಷಿನ್ನಿನಲ್ಲಿ ಅರ್ಧ ಇಂಚಿಗೊಂದು ಸಾಲು. ಇಲ್ಲಿ ಮೂರು ವಾರ ಕಳೆದುಕೊಂಡೆ. ಮಷಿನ್ನಿನ ಕೆಳಗಿನ ಹಲ್ಲು ಅಸ್ತರವನ್ನು ಎಳೆಯುತ್ತದೆ, ಮೇಲಿನ ಸೀರೆ ಹಿಂದೆ ಉಳಿಯುತ್ತದೆ. ನಾನು ಒಂದು ಸಾಲು ಹೋಗಿ, ಪಕ್ಕದ ಸಾಲಿನಲ್ಲಿ ತಿರುಗಿ ಬರುತ್ತಿದ್ದೆ. ಎರಡು ಸಾಲಿನ ನಡುವೆ ಬಟ್ಟೆ ಓರೆಯಾಗಿ ನೆರಿಗೆ ಬೀಳುತ್ತಿತ್ತು. ಎಲ್ಲ ಸಾಲನ್ನೂ ಒಂದೇ ದಿಕ್ಕಿಗೆ ಹೊಲಿದಾಗ ನೆರಿಗೆ ಹೋಯಿತು. ನಡುವಿನ ಸಾಲು ಮೊದಲು, ಆಮೇಲೆ ಎರಡೂ ಕಡೆ. ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫುಟ್ ಮೇಲಿನ ಸ್ಕ್ರೂ ಸ್ವಲ್ಪ ಸಡಿಲ, ಟಾಕಿ ಉದ್ದ, ಸೂಜಿ 14 ನಂಬರ್. ನನ್ನದು ಕಾಲಲ್ಲಿ ತುಳಿಯುವ ಹಳೆ ಮಷಿನ್ನು, ಮೋಟರೂ ಇಲ್ಲ.

ಸೀರೆಯ ಯಾವ ಭಾಗ ತೆಗೆದುಕೊಳ್ಳಬೇಕು ಅನ್ನುವುದನ್ನು ಎರಡು ಹೆಬ್ಬೆರಳೇ ಹೇಳುತ್ತವೆ. ಹಿಡಿದು ಎಳೆದಾಗ ಚರ್ ಅಂದರೆ ಅದು ತುಂಬಲಿಕ್ಕೆ ಮಾತ್ರ. ಕೂತು ಕೂತು ಸವೆದ ನಡುಭಾಗ ಬಹಳ ಸಲ ಹೀಗೇ ಹೋಗುತ್ತದೆ. ದಡಿ ಮತ್ತು ತೋಪ ತೆನಿ ಅನ್ನುವ ಇಳಕಲ್ಲಿನ ಸೆರಗು ಗಟ್ಟಿ ಇರುತ್ತವೆ. ಆದರೆ ಮೈಯ ನೂಲನ್ನೂ ಸೆರಗಿನ ನೂಲನ್ನೂ ಕೊಂಡಿ ಹಾಕಿ ಕೂಡಿಸಿದ ಸಾಲು ಕುಶನ್ನಿನ ನಡುವೆ ಬರಬಾರದು. ಒಂದು ಕಡೆ ಹತ್ತಿ, ಇನ್ನೊಂದು ಕಡೆ ಆರ್ಟ್ ಸಿಲ್ಕ್. ಒಗೆದ ಮೇಲೆ ಎರಡೂ ಬೇರೆ ಬೇರೆ ಥರ ಮುದುಡುತ್ತವೆ.

ಬಣ್ಣದ ನಷ್ಟ ಜಾಸ್ತಿ ನೋಯಿಸಿತು. ಕೆಂಪು ಸೆರಗು ಬಿಳಿ ಧೋತರಕ್ಕೆ ಬಣ್ಣ ಬಿಟ್ಟು ಆರು ಕವರು ಗುಲಾಬಿಯಾದವು. 900 ರೂಪಾಯಿ ಹೋಯಿತು. ಉಪ್ಪು ಹಾಕಿದೆ, ವಿನೆಗರ್ ಹಾಕಿದೆ, ಎರಡೂ ಕೆಲಸ ಮಾಡಲಿಲ್ಲ. ಈಗ ಹೊಲಿಯುವ ಮೊದಲೇ ಮೂರು ಸಲ ನೆನೆಸುತ್ತೇನೆ. ಮೂರನೇ ನೀರು ತಿಳಿಯಾಗಿದ್ದು, ಒದ್ದೆ ಬಿಳಿ ಕರ್ಚೀಫು ತಿಕ್ಕಿದಾಗ ಕಲೆ ಬರದಿದ್ದರೆ ಮಾತ್ರ ಮುಂದೆ. ಮೊದಲ ನೀರಿಗೆ ಏನು ಹಾಕುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಕುಶನ್ನಿನ ಒಳಗೆ ತುಂಬುವುದರಲ್ಲೂ ಪ್ರಯೋಗ ಮಾಡಿದೆ. ಬೂರುಗದ ಅರಳೆ ಬಲು ಮೆತ್ತಗೆ, ಆದರೆ ಸೂಜಿ ತೂತಿನಿಂದ ಹೊರಗೆ ಬಂದು ಮನೆ ತುಂಬ ಹಾರಾಡಿತು. ಟೇಲರ್ ಅಂಗಡಿಯ ಚಿಂದಿ ತುಂಬಿದರೆ ಕುಶನ್ನು ಕಲ್ಲಿನಷ್ಟು ಭಾರ. ಅದೇ ಚಿಂದಿ ಲೋಡಿಗೆ (ಒರಗುವ ಉದ್ದ ದಿಂಬಿಗೆ) ಅದ್ಭುತ: ನಡುವೆ ಬಿಗಿಯಾಗಿ ಸುತ್ತಿದ ಚಿಂದಿ, ಹೊರಗೆ ಎರಡು ಬೆರಳು ದಪ್ಪ ಹತ್ತಿ. ಒರಗಿದರೆ ಕುಸಿಯುವುದಿಲ್ಲ. ಖಣದ (ಕುಪ್ಪಸದ ಬಟ್ಟೆಯ) ತುಂಡುಗಳನ್ನು ಅಂಚಿಗೆ ಪಟ್ಟಿಯಾಗಿ ಕೊಡುತ್ತೇನೆ. ಈಗಿನ ಖಣ ಎಷ್ಟೋ ಪಾಲಿಯೆಸ್ಟರ್, ಇಸ್ತ್ರಿ ತಾಗಿದರೆ ಕರಗುತ್ತದೆ. ಒಂದು ಎಳೆ ಸುಟ್ಟು ನೋಡಿ, ಕರಗಿದರೆ ಪಾಲಿಯೆಸ್ಟರ್.

ಲೆಕ್ಕ ಹೇಳುತ್ತೇನೆ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಣ್ಣುಮಕ್ಕಳ ಹತ್ತಿರ ಸೀರೆಗೆ 60–80 ರೂಪಾಯಿ. ಒಂದು ಸೀರೆಗೆ ಆರೇಳು ಕವರು. ಅಸ್ತರ, ದಾರ, ಚೈನು ಸೇರಿ ಕವರಿಗೆ 45 ರೂಪಾಯಿ ಆಗಬಹುದು. ಮಾರುವುದು 280ಕ್ಕೆ. ದಿನಕ್ಕೆ ಎರಡೇ ಆಗುತ್ತವೆ. ಹೋದ ವರ್ಷ ನೂರರ ಮೇಲೆ ಹೋದವು, ಒಂದೂ ವಾಪಸ್ ಬಂದಿಲ್ಲ.

ಆರು ತಿಂಗಳು ಅಂದಿದ್ದ ಅಂಗಡಿಯವರು ಯುಗಾದಿಗೆ ಇಪ್ಪತ್ತು ಕೇಳಿದ್ದಾರೆ. 180 ಅಂದರು, 230 ಅಂದೆ, ಒಪ್ಪಿ ಮುಂಗಡ ಕೊಟ್ಟರು. ಹದಿನಾಲ್ಕು ಆಗಿವೆ. ಉಳಿದ ಆರಕ್ಕೆ ಹಸಿರು ಸೀರೆ ಎರಡನೇ ನೀರಿನಲ್ಲಿದೆ.