ಸಮೀಕ್ಷೆಯ ಬಾರ್ ಚಾರ್ಟ್: ಲೆಕ್ಕ ಸರಿ, ಉತ್ತರ ತಪ್ಪು

ಬ್ಯಾಂಕ್ ಪರೀಕ್ಷೆಯ ಮಾಕ್ ಟೆಸ್ಟ್‌ನಲ್ಲಿ ಸಮೀಕ್ಷೆಯ ಬಾರ್ ಚಾರ್ಟ್ ಬಂತೆಂದರೆ ನನಗೆ ಐದರಲ್ಲಿ ಮೂರು ತಪ್ಪು. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನಲ್ಲಿ ಪ್ರತಿ ತಪ್ಪಿಗೂ ಕಾಲು ಭಾಗ ಅಂಕ ಕಡಿತ ಬೇರೆ.

ವೇಗ ಸಾಲದು ಅಂದುಕೊಂಡು 1/7 ಅಂದರೆ 14.28% ಎಂಬಂಥ ಕೋಷ್ಟಕ ಬಾಯಿಪಾಠ ಮಾಡಿದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ದಿನಕ್ಕೊಂದು ಸೆಟ್ ಬಿಡಿಸಿದೆ. ಅದೇ ತಪ್ಪುಗಳು ಬೇಗ ಬೇಗ ಆದವು, ಅಷ್ಟೇ.

ಸರಿಹೋಗಿದ್ದು ಪ್ರಶ್ನೆ ಓದುವ ಮೊದಲು ಚಾರ್ಟಿಗೇ ಅರ್ಧ ನಿಮಿಷ ಕೊಟ್ಟ ಮೇಲೆ. ಕ್ರಮ ಇದು: ಲಂಬ ಅಕ್ಷ ಸೊನ್ನೆಯಿಂದ ಶುರುವಾಗಿದೆಯೇ? ಅಂಕಿ ಶೇಕಡಾವೋ, ಜನರೋ? ಶೇಕಡಾ ಆದರೆ ಎಷ್ಟು ಜನರಲ್ಲಿ? ಒಬ್ಬರೇ ಹಲವು ಉತ್ತರ ಕೊಡಬಹುದಿತ್ತೇ? (ಒಂದೇ ಗುಂಪಿನ ಕಂಬಗಳ ಮೊತ್ತ 100 ದಾಟಿದರೆ ಹೌದು.)

ನಾನು ಎಡವುತ್ತಿದ್ದುದು ಮೂರನೆಯದರಲ್ಲಿ. ಒಂದು ಅಭ್ಯಾಸದ ಚಾರ್ಟ್: ಕಾಫಿ ಕುಡಿಯುವವರು ಪೇಟೆಯಲ್ಲಿ 45%, ಹಳ್ಳಿಯಲ್ಲಿ 60%. ಎಲ್ಲಿ ಹೆಚ್ಚು ಜನ? ಎತ್ತರದ ಕಂಬ ನೋಡಿ ಹಳ್ಳಿ ಅಂತ ಒತ್ತಿಬಿಟ್ಟೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಪೇಟೆ 400, ಹಳ್ಳಿ 250 ಅಂತಿತ್ತು. ಅಂದರೆ ಪೇಟೆ 180, ಹಳ್ಳಿ 150. ಒಟ್ಟು ಶೇಕಡಾವೂ ಸರಾಸರಿಯ 52.5 ಅಲ್ಲ, 330ನ್ನು 650ರಿಂದ ಭಾಗಿಸಿದರೆ ಸುಮಾರು 50.8. ಈಗ ರಫ್ ಹಾಳೆಯಲ್ಲಿ ಮೊದಲು ಬರೆಯುವುದೇ ಆ 400, 250.

ಇನ್ನೊಂದು: 20% ಇದ್ದದ್ದು 25% ಆದರೆ ಅಂತರ 5 ಶೇಕಡಾ ಅಂಶ (25ರಿಂದ 20 ಕಳೆದದ್ದು), ಏರಿಕೆ 25% (20ರ ಮೇಲೆ 5). ಆಯ್ಕೆಗಳಲ್ಲಿ ಎರಡೂ ಇರುತ್ತವೆ.